ಕೆಳಗಿನ ಸಾಲು ಓದಿದ್ರಾ?

ಓದುಗರ ಪ್ರಶ್ನೆ, ಲ್ಯಾಬ್ ಮೇಷ್ಟ್ರ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಮಟ್ ಮತ್ತು ಆಲ್ಪೈನ್ ಎಂಬ ಎರಡು ಮೇಲ್ ಪ್ರೋಗ್ರಾಂಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಚಿತ್ರ ಇಲ್ಲ, ಮೌಸ್ ಇಲ್ಲ, ಕಪ್ಪು ಪರದೆ ಮೇಲೆ ಬರೀ ಅಕ್ಷರ. ಬ್ರೌಸರ್ ತೆರೆದರೆ ಏದುಸಿರು ಬಿಡುವ ಹಳೇ ಕಂಪ್ಯೂಟರ್ ಮನೆಯಲ್ಲಿದ್ದರೆ ಲಿನಕ್ಸ್ ಹಾಕಿ, ಇವುಗಳಲ್ಲಿ ಒಂದನ್ನು ಪ್ರಯತ್ನಿಸಿ ಅಂದಿದ್ದೆ. ಒಬ್ಬಿಬ್ಬರು ಪ್ರಯತ್ನಿಸಬಹುದು ಅಂದುಕೊಂಡಿದ್ದೆ. ಈಗ ನೋಡಿದರೆ ತುಮಕೂರಿನ ಅಶೋಕ ರಸ್ತೆಯಲ್ಲಿರುವ ನನ್ನ ಸೋದರಳಿಯನ ರಿಪೇರಿ ಅಂಗಡಿಗೆ ನನ್ನನ್ನು ಹುಡುಕಿಕೊಂಡೇ ಜನ ಬರುತ್ತಿದ್ದಾರೆ. ಅವನಿಗೆ ಸಿಟ್ಟು. ಬಂದವರು ಯಾರೂ ಏನೂ ಕೊಳ್ಳುವುದಿಲ್ಲವಲ್ಲ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೀಲಿಗಳನ್ನೂ ಕಮಾಂಡುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಸಾರ್, ನೀವು ಹೇಳಿದಂತೆ ಜಿಮೇಲ್‌ನಲ್ಲಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಂಡು ಮಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಹಾಕಿದೆ. ಲಾಗಿನ್ ಆಗುತ್ತಿಲ್ಲ. ಮೂರು ಸಲ ಹೊಸ ಪಾಸ್‌ವರ್ಡ್ ಮಾಡಿದೆ. ನನ್ನನ್ನು ಬ್ಲಾಕ್ ಮಾಡಿದ್ದಾರಾ? ಶುರುವಿನಲ್ಲಿ ‘ಎರರ್, ಲೈನ್ 4, ಅನ್‌ನೋನ್ ವೇರಿಯಬಲ್’ ಅಂತ ಏನೋ ಬಂದು ಹೋಗುತ್ತದೆ, ಅದು ಬಿಡಿ.
(ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ತಿಪಟೂರು)

‘ಅದು ಬಿಡಿ’ ಅಂದಿರಲ್ಲ ಸ್ವಾಮಿ, ಉತ್ತರ ಇರುವುದು ಅಲ್ಲೇ.

2022ರ ಮೇ 30ರಿಂದ ಗೂಗಲ್ ಇಂಥ ಪ್ರೋಗ್ರಾಂಗಳಿಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. ಅದಕ್ಕೇ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿಕೊಂಡು, ಆಮೇಲೆ ಆ್ಯಪ್ ಪಾಸ್‌ವರ್ಡ್ (ಇಂಥ ಪ್ರೋಗ್ರಾಂಗಳಿಗೆ ಅಂತಲೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್) ಮಾಡಿಕೊಳ್ಳಬೇಕು ಅಂದಿದ್ದು. ನೀವು ಅಷ್ಟನ್ನೂ ಸರಿಯಾಗಿಯೇ ಮಾಡಿದ್ದೀರಿ. ಆ ಪಾಸ್‌ವರ್ಡಿನಲ್ಲಿ 16 ಅಕ್ಷರ. ಓದಲು ಸುಲಭವಾಗಲಿ ಅಂತ ಗೂಗಲ್ ಅದನ್ನು ನಾಲ್ಕು ನಾಲ್ಕು ಅಕ್ಷರದ ನಾಲ್ಕು ಗುಂಪು ಮಾಡಿ, ನಡುವೆ ಜಾಗ ಬಿಟ್ಟು ತೋರಿಸುತ್ತದೆ. ನೀವು ಆ ಜಾಗದ ಸಮೇತ ನಕಲು ಮಾಡಿ ಅಂಟಿಸಿದ್ದೀರಿ.

ಮಟ್‌ಗೆ ಖಾಲಿ ಜಾಗ ಅಂದರೆ ಮಾತು ಮುಗಿಯಿತು ಅಂತ ಅರ್ಥ. ಮೊದಲ ನಾಲ್ಕು ಅಕ್ಷರವನ್ನೇ ಅದು ಪೂರ್ತಿ ಪಾಸ್‌ವರ್ಡ್ ಅಂದುಕೊಂಡಿತು. ಮುಂದಿನ ನಾಲ್ಕು ಅಕ್ಷರ ಬೇರೆ ಯಾವುದೋ ಸೆಟ್ಟಿಂಗಿನ ಹೆಸರು ಇರಬೇಕು ಅಂದುಕೊಂಡು ಹುಡುಕಿತು. ಸಿಗಲಿಲ್ಲ. ‘ನಾಲ್ಕನೇ ಸಾಲಿನಲ್ಲಿ ಈ ಹೆಸರಿನದು ನನಗೆ ಗೊತ್ತಿಲ್ಲ’ ಅಂತ ಸಾಲಿನ ನಂಬರ್ ಸಮೇತ ಹೇಳಿತು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ನೀವು ‘ಅದು ಬಿಡಿ’ ಅಂದಿರಿ.

ಡಾಟ್ ಮಟ್‌ಆರ್‌ಸಿ ಎಂಬ ಆ ಸೆಟ್ಟಿಂಗ್ ಫೈಲ್ ತೆರೆದು ನಾಲ್ಕನೇ ಸಾಲಿಗೆ ಹೋಗಿ. ಜಾಗಗಳನ್ನು ತೆಗೆದು 16 ಅಕ್ಷರ ಕೂಡಿಸಿ, ಎರಡೂ ತುದಿಗೆ ಒಂಟಿ ಕೋಟ್ ಹಾಕಿ. ಬೇರೆ ಕಂಪನಿಯ ಮೇಲ್ ಇರುವವರಿಗೂ ಈ ಒಂಟಿ ಕೋಟ್ ಬೇಕು. ಪಾಸ್‌ವರ್ಡಿನಲ್ಲಿ ಹ್ಯಾಷ್ ಗುರುತಿದ್ದರೆ ಮುಂದಿನದೆಲ್ಲ ಟಿಪ್ಪಣಿ ಅಂತ ಮಟ್ ಬಿಟ್ಟುಬಿಡಬಹುದು. ಡಾಲರ್ ಗುರುತಿದ್ದರೆ ಅದಕ್ಕೆ ಬೇರೆಯೇ ಅರ್ಥ ಹಚ್ಚುತ್ತದೆ. ಒಂಟಿ ಕೋಟಿನೊಳಗೆ ಇದ್ದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ.

ನೀವು ಕಳಿಸಿದ ಫೈಲಿನಲ್ಲಿ ಇನ್ನೊಂದು ಎಡವಟ್ಟು ಕಣ್ಣಿಗೆ ಬಿತ್ತು. ಮೇಲ್ ಕಳಿಸುವ ವಿಳಾಸಕ್ಕೆ ‘ಎಸ್‌ಎಂಟಿಪಿಎಸ್’ ಅಂತ ಹಾಕಿ ಪೋರ್ಟ್ (ಸರ್ವರಿನ ಬಾಗಿಲ ನಂಬರ್) 587 ಕೊಟ್ಟಿದ್ದೀರಿ. ಈ ಜೋಡಿ ಕೂಡುವುದಿಲ್ಲ. 465 ಅಂದರೆ ಮೊದಲ ಮಾತಿನಿಂದಲೇ ಗುಟ್ಟಿನ ಸಂಭಾಷಣೆ, ಅದಕ್ಕೆ ಕೊನೆಯಲ್ಲಿ ‘ಎಸ್’ ಇರುವ ಹೆಸರು. 587 ಅಂದರೆ ಮೊದಲು ಬಾಗಿಲಲ್ಲಿ ನಮಸ್ಕಾರ, ಆಮೇಲೆ ಒಳಗೆ ಹೋಗಿ ಗುಟ್ಟು. ಅದಕ್ಕೆ ‘ಎಸ್’ ಇಲ್ಲದ ಹೆಸರು. ಮೇಲ್ ತರಿಸಿಕೊಳ್ಳುವ ಕಡೆ 993 ಕೊಟ್ಟಿದ್ದೀರಿ, ಅದು ಸರಿ. ಲಾಗಿನ್ ಸರಿಹೋದ ಮೇಲೆ ಇದಕ್ಕಾಗಿ ಇನ್ನೊಂದು ಕಾಗದ ಬರೆಯುವ ಕೆಲಸ ಉಳಿಯಿತು.

ಮಂಡಿಯ ಕಂಪ್ಯೂಟರ್ ಅಂದಿರಿ. ನಾಲ್ಕಾರು ಜನ ಕೂರುವ ಜಾಗ. ಪಾಸ್‌ವರ್ಡ್ ಇರುವ ಫೈಲಿಗೆ ‘ಸಿಎಚ್‌ಮಾಡ್ 600’ ಎಂಬ ಬೀಗದ ಕಮಾಂಡ್ ಕೊಡಿ. ಆಗ ನಿಮ್ಮ ಲಾಗಿನ್ ಬಿಟ್ಟು ಬೇರೆ ಮಾಮೂಲಿ ಲಾಗಿನ್ನಿಂದ ಅದನ್ನು ತೆರೆಯಲು ಆಗುವುದಿಲ್ಲ. ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದರೆ ಯಾವ ಬೀಗವೂ ಉಪಯೋಗಕ್ಕೆ ಬರುವುದಿಲ್ಲ.

ಮೇಷ್ಟ್ರೇ, ದಿನಾ ಬೆಳಗ್ಗೆ ಮಟ್ ತೆರೆದರೆ ‘ಸರ್ವರ್ ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್’ ಅನ್ನುತ್ತದೆ. ಒಪ್ಪಿಕೋ ಅಂತ ಒತ್ತಿ ಮುಂದೆ ಹೋಗುತ್ತಿದ್ದೇನೆ. ತೊಂದರೆ ಏನಾದರೂ ಇದೆಯೇ?
(ನಿವೃತ್ತ ಶಿಕ್ಷಕರು, ಕೊರಟಗೆರೆ)

ಒಪ್ಪಿಕೋ ಒತ್ತುವುದನ್ನು ಇವತ್ತೇ ನಿಲ್ಲಿಸಿ. ನಿಜವಾಗಿ ಯಾರಾದರೂ ನಡುವೆ ಕೂತು ಮೋಸ ಮಾಡಿದ ದಿನವೂ ನಿಮ್ಮ ಬೆರಳು ಅಭ್ಯಾಸಬಲದಿಂದ ಅದನ್ನೇ ಒತ್ತುತ್ತದೆ.

‘ನಾಟ್ ಯೆಟ್’ ಅಂದರೆ ‘ಇನ್ನೂ ಇಲ್ಲ’. ಸರ್ಟಿಫಿಕೇಟಿನ, ಅಂದರೆ ಮೇಲ್ ಸರ್ವರ್ ತೋರಿಸುವ ಗುರುತಿನ ಚೀಟಿಯ, ದಿನಾಂಕ ಇನ್ನೂ ಬಂದಿಲ್ಲ ಅಂತ ನಿಮ್ಮ ಕಂಪ್ಯೂಟರ್ ಹೇಳುತ್ತಿದೆ. ಹಾಗಾದರೆ ಅದು ಯಾವ ಕಾಲದಲ್ಲಿ ಬದುಕುತ್ತಿದೆ? ಮಟ್‌ನಿಂದ ಹೊರಬಂದು ‘ಡೇಟ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಹೋದ ವಾರ ಅಂಗಡಿಗೆ ಬಂದ ಒಂದು ಹಳೇ ಡೆಸ್ಕ್‌ಟಾಪ್ 2010ರ ಜನವರಿ 1 ಅಂದಿತು. ಮದರ್‌ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆ ಥರದ ಒಂದು ಸೆಲ್ ಇರುತ್ತದೆ. ಸಿಆರ್ 2032, 3 ವೋಲ್ಟ್. ಸ್ವಿಚ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ರಾತ್ರಿ ಆಫ್ ಮಾಡಿದ ಕಂಪ್ಯೂಟರ್ ಬೆಳಗ್ಗೆ ಹಳೇ ಕಾಲದಲ್ಲಿ ಕಣ್ಣು ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ಟಿನಿಂದ ಸಮಯ ಸರಿಯಾದರೆ ತಕರಾರೂ ಮಾಯ. ಅದಕ್ಕೇ ನಿಮಗೆ ಬೆಳಗ್ಗೆ ಮಾತ್ರ ಬರುತ್ತಿರುವುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಷ್ಟು ದುಡ್ಡಿಗೆ ಹೊಸ ಸೆಲ್ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದನ್ನು ಉಗುರಲ್ಲಿ ಎಬ್ಬಿಸಿ, ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ಕನ್ನಡ ಮೇಲ್‌ಗಳು ಸರಿಯಾಗಿ ಕಾಣುವುದಿಲ್ಲ. ಏನು ಮಾಡಲಿ?
(ಪಿಯು ಉಪನ್ಯಾಸಕಿ, ಶಿರಾ)

ತಾಯಿ, ‘ಸರಿಯಾಗಿ ಕಾಣುವುದಿಲ್ಲ’ ಅಂದರೆ ಸಾಲದು. ಡಾಕ್ಟರ ಹತ್ತಿರ ಹೋಗಿ ‘ಹುಷಾರಿಲ್ಲ’ ಅಂದಷ್ಟೇ ಆಯಿತು. ಇಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ನಿಮ್ಮದು ಯಾವುದು ಅಂತ ಪರದೆ ನೋಡಿ ನೀವೇ ಹೇಳಬೇಕು.

ಮೊದಲನೆಯದು, ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಅಥವಾ ಅಂಕಿಗಳ ಸಾಲು. ‘ಕ’ ಇರಬೇಕಾದಲ್ಲಿ 340, 262, 225 ಅಂತ ಓರೆಗೀಟಿನ (ಬ್ಯಾಕ್‌ಸ್ಲ್ಯಾಶ್) ಜೊತೆ ಬರುತ್ತದೆ. ಇದು ಕಸ ಅಲ್ಲ. ಯುನಿಕೋಡ್ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮಕ್ಕೆ ಯುಟಿಎಫ್-8 ಅನ್ನುತ್ತಾರೆ. ಅದರಲ್ಲಿ ಕನ್ನಡದ ಪ್ರತಿ ಬಿಡಿ ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟ್. ಆ ಮೂರು ಬೈಟುಗಳನ್ನೇ ಎಂಟರ ಲೆಕ್ಕದಲ್ಲಿ ಬರೆದು ತೋರಿಸುತ್ತಿದೆ ಅಷ್ಟೇ. ನಿಮ್ಮ ಸಿಸ್ಟಂನ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ‘ಸಿ’ ಅಂತ ಇರಬೇಕು. ಮಟ್‌ನಿಂದ ಹೊರಬಂದು ‘ಲೊಕೇಲ್’ ಅಂತ ಟೈಪ್ ಮಾಡಿ ನೋಡಿ. ಅದನ್ನು ಯುಟಿಎಫ್-8 ಇರುವ ಯಾವುದಾದರೂ ಲೊಕೇಲಿಗೆ ಬದಲಾಯಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಮಟ್‌ನ ಫೈಲಿನಲ್ಲಿ ‘ಚಾರ್‌ಸೆಟ್’ (ಅಕ್ಷರ ಬರೆದಿಡುವ ಕ್ರಮದ ಹೆಸರು) ಅಂತ ಕೈಯಾರೆ ಬರೆಯಲು ಹೋಗಬೇಡಿ. ಅದು ಲೊಕೇಲ್ ನೋಡಿ ತಾನೇ ತಿಳಿದುಕೊಳ್ಳುತ್ತದೆ. ಒಂದೇ ಒಂದು ಮೇಲ್ ಮಾತ್ರ ಹೀಗೆ ಕಾಣುತ್ತಿದ್ದರೆ ತಪ್ಪು ನಿಮ್ಮದಲ್ಲ, ಕಳಿಸಿದವರ ಪ್ರೋಗ್ರಾಂ ತಪ್ಪು ಚೀಟಿ ಅಂಟಿಸಿದೆ. ಆ ಮೇಲ್ ಮೇಲೆ ನಿಂತು ಕಂಟ್ರೋಲ್-ಇ ಒತ್ತಿ, ಕೆಳಗೆ ಬರುವ ಸಾಲಿನಲ್ಲಿ ಚಾರ್‌ಸೆಟ್ ಅನ್ನು ಯುಟಿಎಫ್-8 ಅಂತ ತಿದ್ದಿ.

ಎರಡನೆಯದು, ಕನ್ನಡವೇ ಬರುತ್ತದೆ, ಆದರೆ ಒತ್ತು ಕಿತ್ತುಕೊಂಡು ಬಂದಿರುತ್ತದೆ. ‘ಲಕ್ಷ್ಮೀ’ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಏಳು ತುಂಡು: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಆ ಚಿಹ್ನೆ, ಮ, ಕೊನೆಗೆ ದೀರ್ಘ. ಟರ್ಮಿನಲ್, ಅಂದರೆ ಮಟ್ ಓಡುವ ಆ ಕಪ್ಪು ಕಿಟಕಿ, ಒಂದು ಚೌಕುಳಿ ಕಾಗದ. ಒಂದು ಚೌಕಕ್ಕೆ ಒಂದು ಅಕ್ಷರ ಅಂತ ಇಂಗ್ಲಿಷಿಗೆ ಮಾಡಿದ್ದು. ಒಂದರ ಕೆಳಗೊಂದು ಜೋತುಬೀಳುವ ನಮ್ಮ ಒತ್ತಕ್ಷರಕ್ಕೆ ಅಲ್ಲಿ ಜಾಗ ಇಲ್ಲ. ಇದರಲ್ಲಿ ಮಟ್‌ನ ತಪ್ಪು ಏನೂ ಇಲ್ಲ, ಸೆಟ್ಟಿಂಗ್ ತಿರುಗಿಸಿ ಸುಮ್ನೆ ಸಮಯ ಹಾಳು ಮಾಡಬೇಡಿ. ಟರ್ಮಿನಲ್ ಬದಲಾಯಿಸಿ. ಎಂಎಲ್‌ಟರ್ಮ್ ಎಂಬುದು ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸುತ್ತದೆ. ಬರೆಯುವುದಕ್ಕೆ ಇನ್ನೂ ಸುಲಭದ ದಾರಿ ಇದೆ. ಮಟ್‌ನಲ್ಲಿ ಎಡಿಟರ್ ಯಾವುದು ಅಂತ ನೀವೇ ಹೇಳಬಹುದು. ‘ಜಿಎಡಿಟ್’ಗೆ ‘ವೇಟ್’ ಆಯ್ಕೆ ಕೊಟ್ಟು ಸೇರಿಸಿ. ಕಾಗದ ಬರೆಯುವ ಹೊತ್ತಿಗೆ ಮಾಮೂಲಿ ಕಿಟಕಿ ತೆರೆಯುತ್ತದೆ, ಒತ್ತು ದೀರ್ಘ ಎಲ್ಲ ಸರಿಯಾಗಿ ಕಾಣುತ್ತದೆ. ಸೇವ್ ಮಾಡಿ ಮುಚ್ಚಿದರೆ ಮತ್ತೆ ಮಟ್. ನಾನು ಹೀಗೇ ಮಾಡುವುದು. ಡೆಸ್ಕ್‌ಟಾಪೇ ಇಲ್ಲದ, ಅಂದರೆ ಕಿಟಕಿಗಳೇ ತೆರೆಯದ ಬರೀ ಅಕ್ಷರದ ಕನ್ಸೋಲಿನಲ್ಲಿ ಮಾತ್ರ ಕನ್ನಡದ ಆಸೆ ಬಿಡಿ. ಅದಕ್ಕೆ ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರ ರೂಪ ಇಟ್ಟುಕೊಳ್ಳುವಷ್ಟೇ ಜಾಗ.

ಮೂರನೆಯದು, ತಲೆ ಮೇಲೆ ಟೋಪಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಅದು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ, ಯುನಿಕೋಡ್ ಅಲ್ಲದ ಕಾಲದಲ್ಲಿ ಟೈಪ್ ಮಾಡಿದ್ದು. ಮೇಲಿನ ಎರಡು ಔಷಧಿಯೂ ಇದಕ್ಕೆ ನಾಟುವುದಿಲ್ಲ. ಆಸ್ಕಿಯಿಂದ (ಆ ಹಳೇ ಕ್ರಮಕ್ಕೆ ಕರೆಯುವ ಹೆಸರು) ಯುನಿಕೋಡಿಗೆ ಬದಲಾಯಿಸುವ ಕನ್ವರ್ಟರಿಗೆ ಹಾಕಿ ಓದಿಕೊಳ್ಳಿ. ಕಳಿಸಿದವರಿಗೆ ಯುನಿಕೋಡಿನಲ್ಲಿ ಕಳಿಸಿ ಅಂತ ಒಂದು ಮಾತು ಹೇಳಿ.

ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲಿನದನ್ನು ಓದಿ ಹೇಳುವ ಓರ್ಕಾ ಸ್ಕ್ರೀನ್ ರೀಡರ್ ಬಳಸುತ್ತೇನೆ. ವೆಬ್ ಮೇಲ್‌ನಲ್ಲಿ ಒಂದು ಕಾಗದ ತಲುಪುವುದಕ್ಕೆ ಹತ್ತಾರು ಬಟನ್ ಹೆಸರು ಕೇಳಬೇಕು. ನಿಮ್ಮ ಬರಹ ಓದಿಸಿಕೊಂಡ ಮೇಲೆ ಆಲ್ಪೈನ್ ಹಾಕಿಸಿದೆ. ಪಟ್ಟಿಯಲ್ಲಿ ಕೆಳಗೆ ಹೋದರೂ ಎಲ್ಲಿದ್ದೇನೆ ಅಂತ ಅದು ಹೇಳುವುದಿಲ್ಲ.
(ಬ್ಯಾಂಕ್ ಉದ್ಯೋಗಿ, ಚಿಂತಾಮಣಿ)

ಈ ತಿಂಗಳು ಬಂದದ್ದರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಪ್ರಶ್ನೆ ಇದು. ಕಣ್ಣಿದ್ದವರು ‘ಹಳೇ ಕಾಲದ್ದು’ ಅಂತ ಮೂಗು ಮುರಿಯುವ ಪ್ರೋಗ್ರಾಂ ನಿಮಗೆ ಹೊಸದಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಆಲ್ಪೈನ್ ನೀವಿರುವ ಸಾಲನ್ನು ಬಣ್ಣ ತಿರುಗಿಸಿ ತೋರಿಸುತ್ತದೆ, ಆದರೆ ಕರ್ಸರ್ ಅನ್ನು ಆ ಸಾಲಿಗೆ ತರುವುದಿಲ್ಲ. ಸ್ಕ್ರೀನ್ ರೀಡರ್ ಹಿಂಬಾಲಿಸುವುದು ಕರ್ಸರನ್ನು. ಮುಖ್ಯ ಮೆನುವಿನಲ್ಲಿ ‘ಎಸ್’, ಆಮೇಲೆ ‘ಸಿ’ ಒತ್ತಿ. ಉದ್ದ ಪಟ್ಟಿ ಬರುತ್ತದೆ. ಹುಡುಕಲು ‘ಡಬ್ಲ್ಯೂ’ ಒತ್ತಿ ‘ಶೋ ಕರ್ಸರ್’ ಅಂತ ಟೈಪ್ ಮಾಡಿ. ಅದರ ಮೇಲೆ ‘ಎಕ್ಸ್’ ಒತ್ತಿ ಗುರುತು ಹಾಕಿ, ‘ಇ’ ಒತ್ತಿ ಹೊರಬನ್ನಿ. ಉಳಿಸಲೇ ಅಂತ ಕೇಳಿದರೆ ‘ವೈ’.

ಮುಂದೆ ಮಟ್‌ಗೆ ಹೋಗುವ ಮನಸ್ಸಾದರೆ ಅಲ್ಲೂ ಇದಕ್ಕೇ ಒಂದು ಸೆಟ್ಟಿಂಗ್ ಇದೆ, ಹೆಸರು ‘ಬ್ರೈಲ್ ಫ್ರೆಂಡ್ಲಿ’. ಎರಡು ಪದದ ನಡುವೆ ಅಂಡರ್‌ಸ್ಕೋರ್, ಬೆಲೆ ‘ಯೆಸ್’. ಜೊತೆಗೆ ‘ಹೆಲ್ಪ್’ ಅನ್ನು ‘ನೋ’ ಮಾಡಿದರೆ ಮೇಲ್ತುದಿಯ ಕೀಲಿಗಳ ಸಾಲು ಹೋಗುತ್ತದೆ, ಕಿವಿಗೆ ಒಂದು ಕಿರಿಕಿರಿ ಕಡಿಮೆ. ಕಾಗದಗಳ ಪಟ್ಟಿಯಲ್ಲಿ ನಂಬರ್, ದಿನಾಂಕ ಎಲ್ಲ ಕೇಳಿದ ಮೇಲೆ ವಿಷಯ ಬರುತ್ತದೆ ಅಲ್ವಾ? ‘ಇಂಡೆಕ್ಸ್ ಫಾರ್ಮ್ಯಾಟ್’ ಸೆಟ್ಟಿಂಗಿನಲ್ಲಿ ಕಳಿಸಿದವರ ಹೆಸರು, ವಿಷಯ ಮೊದಲು ಬರುವ ಹಾಗೆ ತಿರುಗಿಸಿಕೊಳ್ಳಬಹುದು. ಮೇಲೆ ಶಿರಾದವರಿಗೆ ಹೇಳಿದ ಒತ್ತಿನ ಕಾಟ ನಿಮಗಿಲ್ಲ. ಪರದೆ ಮೇಲೆ ‘ಲಕ್ಷ್ಮೀ’ ಏಳು ತುಂಡಾಗಿ ಕಂಡರೂ ಒಳಗಿರುವ ಪಠ್ಯ ಸರಿಯಾಗೇ ಇರುತ್ತದೆ, ಪಠ್ಯವನ್ನು ಮಾತಾಗಿಸುವ ಇಸ್ಪೀಕ್ ಎನ್‌ಜಿಯ ಕನ್ನಡ ದನಿ ‘ಲಕ್ಷ್ಮೀ’ ಅಂತಲೇ ಓದುತ್ತದೆ.

ಮಟ್‌ನಲ್ಲಿ ‘ಡಿ’ ಒತ್ತಿ ಅಳಿಸಿದ ಮೇಲ್‌ಗಳು ಫೋನಿನ ಜಿಮೇಲ್‌ನಲ್ಲಿ ಇನ್ನೂ ಕಾಣುತ್ತವೆ. ಇನ್ನೊಂದು ಭಯ, ತಪ್ಪಾಗಿ ಅಳಿಸಿದರೆ ಏನು ಗತಿ?
(ಮಾವಿನ ತೋಟದವರು, ಶ್ರೀನಿವಾಸಪುರ)

‘ಡಿ’ ಒತ್ತಿದಾಗ ಏನೂ ಅಳಿಯುವುದಿಲ್ಲ, ಗುರುತು ಬೀಳುತ್ತದೆ ಅಷ್ಟೇ. ‘ಯು’ ಒತ್ತಿದರೆ ಗುರುತು ಹೋಗುತ್ತದೆ. ಡಾಲರ್ ಗುರುತು ಒತ್ತಿದಾಗ ನಿಜವಾದ ಕೆಲಸ. ಆಗಲೂ ಜಿಮೇಲ್ ತನ್ನ ಮಾಮೂಲಿ ಸೆಟ್ಟಿಂಗಿನಲ್ಲಿ ಅದನ್ನು ಇನ್‌ಬಾಕ್ಸಿನಿಂದ ಮಾತ್ರ ತೆಗೆಯುತ್ತದೆ, ಆಲ್ ಮೇಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಫೋನಿನಲ್ಲಿ ನೋಡಿದ್ದು ಅಲ್ಲೇ ಇರಬೇಕು. ಕಸದಬುಟ್ಟಿಗೇ ಹೋಗಬೇಕು ಅಂದರೆ ಮಟ್‌ನ ‘ಟ್ರ್ಯಾಶ್’ ಸೆಟ್ಟಿಂಗಿಗೆ ಜಿಮೇಲ್‌ನ ಆ ಫೋಲ್ಡರಿನ ಹೆಸರು ಕೊಡಿ. ಹೆಸರು ಊಹಿಸಿ ಬರೆಯಬೇಡಿ. ಜಿಮೇಲ್ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ ಅದು ಟ್ರ್ಯಾಶ್ ಅಲ್ಲ, ‘ಬಿನ್’. ‘ಸಿ’ ಒತ್ತಿ, ಆಮೇಲೆ ಪ್ರಶ್ನೆ ಚಿಹ್ನೆ ಒತ್ತಿದರೆ ಇರುವ ಫೋಲ್ಡರುಗಳ ಪಟ್ಟಿ ಬರುತ್ತದೆ. ಬುಟ್ಟಿಯಲ್ಲಿ ಬಿದ್ದದ್ದು 30 ದಿನ ಇರುತ್ತದೆ.

ಭಯದ ವಿಷಯ ಕೇಳಿದಿರಿ. 2001ರಲ್ಲಿ ನಾನು ಒಂದು ಕಾಲೇಜಿನ ಲ್ಯಾಬಿನಲ್ಲಿದ್ದೆ. ಮನೆಯಲ್ಲಿ ಮಟ್ ಕಲಿತಿದ್ದೆ. ಅದರಲ್ಲಿ ‘ಎಕ್ಸ್’ ಅಂದರೆ ಯಾವ ಬದಲಾವಣೆಯನ್ನೂ ಉಳಿಸದೆ ಹೊರಗೆ ಹೋಗು ಅಂತ. ಕಾಲೇಜಿನಲ್ಲಿದ್ದದ್ದು ಪೈನ್, ಅಂದರೆ ಈಗಿನ ಆಲ್ಪೈನ್‌ನ ಅಪ್ಪ, ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು. ಪ್ರಿನ್ಸಿಪಾಲರ ಮೇಲ್‌ಬಾಕ್ಸ್ ತುಂಬಿತ್ತು. ಬೇಡದ್ದು ಗುರುತು ಮಾಡುತ್ತಾ ಹೋಗಿ, ಬೇಕಾದ್ದೂ ನಾಲ್ಕು ಗುರುತಾಗಿದೆ ಅಂತ ಗೊತ್ತಾಯಿತು. ಸರಿ, ಏನೂ ಉಳಿಸದೆ ಹೊರಬಂದು ಮತ್ತೆ ಶುರು ಮಾಡೋಣ ಅಂತ ‘ಎಕ್ಸ್’ ಒತ್ತಿದೆ. ಪೈನ್‌ನಲ್ಲಿ ‘ಎಕ್ಸ್’ ಅಂದರೆ ಗುರುತು ಮಾಡಿದ್ದನ್ನು ಶಾಶ್ವತವಾಗಿ ತೆಗೆ ಅಂತ! ಪಾಪ, ಅದು ಕೆಳಗಿನ ಸಾಲಿನಲ್ಲಿ ‘ತೆಗೆಯಲೇ?’ ಅಂತ ಕೇಳಿತು ಕೂಡ. ನಾನು ‘ಹೊರಗೆ ಹೋಗಲೇ’ ಅಂತ ಕೇಳುತ್ತಿದೆ ಅಂದುಕೊಂಡು ‘ವೈ’ ಒತ್ತಿದೆ. ಓದಲಿಲ್ಲ. ತಿಪಟೂರಿನವರನ್ನು ಗದರಿಸುವ ಹಕ್ಕು ನನಗೆ ಹೇಗೆ ಬಂತು ಅಂತ ಈಗ ಗೊತ್ತಾಯಿತಲ್ಲ. ಆಲ್ಪೈನ್‌ನಲ್ಲಿ ಇವತ್ತಿಗೂ ‘ಎಕ್ಸ್’ ಹಾಗೇ ಇದೆ.

20 ಎಂಬಿ ಫೈಲ್ ಲಗತ್ತಿಸಿದರೆ ಹೋಗುವುದಿಲ್ಲ. ಮಿತಿ 25 ಅಲ್ಲವೇ? ಎಷ್ಟೋ ಸಲ ಲಗತ್ತಿಸುವುದನ್ನೇ ಮರೆಯುತ್ತೇನೆ, ಅದು ಬೇರೆ.
(ರೇಷ್ಮೆ ನೂಲು ವ್ಯಾಪಾರಿ, ಶಿಡ್ಲಘಟ್ಟ)

ಮೇಲ್‌ನಲ್ಲಿ ಫೈಲ್ ಇದ್ದ ಹಾಗೆ ಹೋಗುವುದಿಲ್ಲ, ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ. ಮೂರು ಬೈಟಿಗೆ ನಾಲ್ಕು ಅಕ್ಷರ. ನಿಮ್ಮ 20 ಎಂಬಿ ದಾರಿಯಲ್ಲಿ ಸುಮಾರು 27 ಆಗುತ್ತದೆ. 18ರೊಳಗೆ ಇಟ್ಟುಕೊಳ್ಳಿ. ಮರೆವಿಗೂ ಮದ್ದಿದೆ. ಹೊಸ ಮಟ್‌ನಲ್ಲಿ ‘ಅಬಾರ್ಟ್ ನೋಅಟ್ಯಾಚ್’ ಎಂಬ ಸೆಟ್ಟಿಂಗ್ ಇದೆ. ಕಾಗದದಲ್ಲಿ ‘ಅಟ್ಯಾಚ್’ ಎಂಬ ಪದ ಇದ್ದು ಫೈಲ್ ಇಲ್ಲದಿದ್ದರೆ ಕಳಿಸುವ ಮೊದಲು ಕೇಳುತ್ತದೆ. ಆ ಪದ ನಿಮ್ಮ ಇಷ್ಟ. ನಾನು ‘ಲಗತ್ತ’ ಅಂತ ಕನ್ನಡದಲ್ಲೇ ಕೊಟ್ಟಿದ್ದೇನೆ. ‘ಲಗತ್ತಿಸಿದ್ದೇನೆ’, ‘ಲಗತ್ತಿಸಿದೆ’ ಎರಡನ್ನೂ ಹಿಡಿಯುತ್ತದೆ.

ಊರಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 40 ಸಾವಿರ ಮೇಲ್ ಇವೆ. ಪ್ರತಿ ಸಲ ಮಟ್ ತೆರೆದಾಗಲೂ ಮೊದಲಿಂದ ಎಣಿಸುತ್ತಾ ಕೂರುತ್ತದೆ.
(ಮನೆಯಿಂದ ಕೆಲಸ ಮಾಡುವವರು, ಪಾವಗಡ ತಾಲ್ಲೂಕು)

‘ಹೆಡರ್ ಕ್ಯಾಶ್’ ಸೆಟ್ಟಿಂಗಿಗೆ ಒಂದು ಫೋಲ್ಡರಿನ ದಾರಿ ಕೊಡಿ. ಒಮ್ಮೆ ಎಣಿಸಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಹೊಸದನ್ನು ಮಾತ್ರ ತರುತ್ತದೆ. ನಿಮ್ಮ ಪರಿಸ್ಥಿತಿಗೆ ಅದೂ ಸಾಲದು ಅನಿಸುತ್ತದೆ. ‘ಎಂಬಿಸಿಂಕ್’ ಹಾಕಿಕೊಳ್ಳಿ. ಸಿಗ್ನಲ್ ಇದ್ದಾಗ ಎಲ್ಲ ಮೇಲ್‌ಗಳನ್ನೂ ನಿಮ್ಮ ಡಿಸ್ಕಿಗೆ ಇಳಿಸುತ್ತದೆ, ಒಂದು ಕಾಗದಕ್ಕೆ ಒಂದು ಫೈಲ್. ಮಟ್‌ಗೆ ಆ ಫೋಲ್ಡರ್ ತೋರಿಸಿ. ನೆಟ್ ಸತ್ತಾಗಲೂ ಓದಬಹುದು, ಹುಡುಕಬಹುದು. ಮೊದಲ ಸಲ ಇಳಿಸುವುದಕ್ಕೆ ಮಾತ್ರ ಗಂಟೆಗಟ್ಟಲೆ ಬೇಕು. ಊರಲ್ಲಿ ಕೂತು ಮಾಡಬೇಡಿ. ಲ್ಯಾಪ್‌ಟಾಪ್ ತೆಗೆದುಕೊಂಡು ತುಮಕೂರಿಗೆ ಬನ್ನಿ, ಅಂಗಡಿಯ ವೈಫೈ ಇದೆ. ಸೋದರಳಿಯ ಗೊಣಗಿದರೆ ಒಂದು ಪೆನ್‌ಡ್ರೈವ್ ಕೊಂಡುಕೊಳ್ಳಿ.

ಅಂಕಲ್, ಮಟ್‌ನಲ್ಲಿ ಹೊಸ ಮೇಲ್ ಬರೆಯಲು ‘ಎಂ’ ಒತ್ತಿದೆ. ಇನ್ನೇನೋ ತೆರೆದುಕೊಂಡಿತು. ಹೊರಗೇ ಬರಲು ಆಗಲಿಲ್ಲ. ಕೊನೆಗೆ ಕರೆಂಟ್ ಪ್ಲಗ್ ಕಿತ್ತೆ. ಬರೆದದ್ದು ಸಿಗುತ್ತದಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ತೆರೆದುಕೊಂಡದ್ದು ವಿಐ ಎಡಿಟರ್ ಮಗಾ. ಎಸ್ಕೇಪ್ ಒತ್ತಿ, ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್ ಅಂದರೆ ಉಳಿಸಿ ಹೊರಬರುತ್ತದೆ. ಉಳಿಸುವುದು ಬೇಡ ಅಂದರೆ ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್. ಇದೆಲ್ಲ ಬೇಡ ಅನಿಸಿದರೆ ಮಟ್‌ನ ಎಡಿಟರ್ ಸೆಟ್ಟಿಂಗಿಗೆ ‘ನ್ಯಾನೋ’ ಅಂತ ಕೊಡು. ಅದರಲ್ಲಿ ಹೊರಹೋಗುವ ಕೀಲಿ ಯಾವುದು ಅಂತ ಕೆಳಗಿನ ಸಾಲಿನಲ್ಲೇ ಬರೆದಿರುತ್ತದೆ.

ಬರೆದದ್ದು ಮಟ್‌ನ ಟೆಂಪ್ ಫೋಲ್ಡರಿನಲ್ಲಿತ್ತು. ನಿನ್ನ ಸಿಸ್ಟಂ ಪ್ರತಿ ಸಲ ಶುರುವಾಗುವಾಗ ಅದನ್ನು ಗುಡಿಸಿಬಿಡುತ್ತದೆ. ನೀನು ಅಂಗಡಿಗೆ ತಂದಾಗ ನಾನೇ ಹುಡುಕಿ ನೋಡಿದೆ, ಇಲ್ಲ. ಮತ್ತೆ ಬರಿ.